ಕೆಂಚನಿಗೆ ಏನಾಯಿತು: ಮೈಸೂರಿನ ಒಂದು ಚಿಕಿತ್ಸಾಲಯದ ಬಗ್ಗೆ ವಿಮರ್ಶೆ

ಕಳೆದ ಹತ್ತು ತಿಂಗಳಲ್ಲಿ ನಮ್ಮ ಬೆಕ್ಕನ್ನು ಎತ್ತಿಕೊಂಡು ಮೈಸೂರಿನ ಒಂದು ಸಣ್ಣ ಪಶುವೈದ್ಯ ಚಿಕಿತ್ಸಾಲಯಕ್ಕೆ ನಾಲ್ಕು ಬಾರಿ ಹೋಗಿಬಂದಿದ್ದೇನೆ. ಅಲ್ಲಿನ ವೈದ್ಯೆ ಒಂದು ಬಾರಿ ನಮ್ಮ ಮನೆಗೇ ಬಂದಿದ್ದಾರೆ. ಪರೀಕ್ಷೆ, ಎಕ್ಸ್‌ರೇ, ಔಷಧಿ ಎಲ್ಲ ಸೇರಿ 14,200 ರೂಪಾಯಿ ಖರ್ಚಾಗಿದೆ. ಅಲ್ಲಿರುವುದು ಇಬ್ಬರೇ ವೈದ್ಯರು. ಹೆಸರು ಬರೆದರೆ ಫೋನು ಎತ್ತುವುದರಲ್ಲೇ ದಿನ ಕಳೆದೀತು ಎಂದು ಅವರೇ ಹೇಳಿದ್ದರಿಂದ ಹೆಸರನ್ನು ಬಿಟ್ಟಿದ್ದೇನೆ. ಸಾಕಿದ ಬೆಕ್ಕಿನ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದಾಗ ಇಂಥ ಸೇವೆಗೆ ಹಣ ಕೊಡುವುದು ಸಾರ್ಥಕವೇ, ಕೊಟ್ಟ ಹಣಕ್ಕೆ ಏನನ್ನು ಕೇಳಿ ಪಡೆಯಬೇಕು ಎಂಬುದಷ್ಟೇ ಇಲ್ಲಿನ ವಿಷಯವಾದ್ದರಿಂದ ಹೆಸರಿಲ್ಲದಿದ್ದರೂ ಓದುಗರಿಗೆ ನಷ್ಟವಾಗಲಾರದು.

ಕೆಂಚನಿಗೆ ಈಗ ಹತ್ತು ವರ್ಷ. ಕೆಂಬಣ್ಣದ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ ಗಂಡು ಬೆಕ್ಕು. ಮರಿಯಾಗಿದ್ದಾಗ ಒಂದು ಮಳೆಗಾಲದ ಸಂಜೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಬಂದು ಕುಳಿತವನು ಮತ್ತೆ ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆ ಹಾಲಿನವನ ಸದ್ದು ಕೇಳಿದ ಕೂಡಲೇ ಬಾಗಿಲಿಗೆ ಬರುವುದು, ಮಧ್ಯಾಹ್ನ ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಕಾಯುವುದು, ಸಂಜೆ ನಾನು ಹುರುಳಿಕಾಯಿಯ ನಾರು ತೆಗೆಯುತ್ತ ಕುಳಿತರೆ ತೊಡೆಯೇರಿ ಗುರುಗುಟ್ಟುವುದು ಅವನ ದಿನಚರಿ. ಕಳೆದ ದೀಪಾವಳಿಯ ಮರುವಾರ ಈ ದಿನಚರಿ ಮುರಿದುಬಿತ್ತು. ಮಂಚದ ಕೆಳಗೆ ಸೇರಿಕೊಂಡವನು ಊಟಕ್ಕೆ ಮಾತ್ರ ಹೊರಗೆ ಬರತೊಡಗಿದ. ಮರಳಿನ ಟ್ರೇ ಬಿಟ್ಟು ಬೇರೆಲ್ಲೂ ಮೂತ್ರ ಮಾಡಿ ಗೊತ್ತಿಲ್ಲದವನು ಟ್ರೇಯ ಪಕ್ಕದ ಕಾಲೊರಸಿನ ಮೇಲೆ ಮಾಡಿದ. ಎರಡು ದಿನ ಬಿಟ್ಟು, ಒಗೆಯಲು ತೆಗೆದಿಟ್ಟಿದ್ದ ಬಟ್ಟೆಯ ಮೇಲೆ ಮಾಡಿದ. ಏಳನೆಯ ದಿನ, ಎಂದಿನಂತೆ ಹೊಟ್ಟೆಯಡಿ ಕೈ ಹಾಕಿ ಎತ್ತಿಕೊಳ್ಳಲು ಹೋದಾಗ ನನ್ನ ಮಣಿಕಟ್ಟನ್ನು ಕಚ್ಚಿಬಿಟ್ಟ. ಹೆದರಿಸುವುದಕ್ಕೆ ಸುಮ್ಮನೆ ಹಲ್ಲು ತಾಗಿಸಿದ ಬಗೆಯದಾಗಿರದೆ, ಎರಡೂ ಕೋರೆಹಲ್ಲುಗಳು ಒಳಗಿಳಿದು ರಕ್ತ ಬಂದಿತ್ತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಪಟಾಕಿಯ ಸದ್ದಿಗೆ ಬೆದರಿದ್ದಾನೆ ಎಂದು ನಮ್ಮ ಯಜಮಾನರು ಹೇಳಿದರು. "ಅತ್ತೆ, ಪಾಪು ಬಂದ ಮೇಲೆ ಅವನಿಗೆ ಹೊಟ್ಟೆಕಿಚ್ಚು" ಎಂದು ಬಾಣಂತನ ಮುಗಿಸಿ ಬಂದಿದ್ದ ಸೊಸೆ ಹೇಳಿದಳು. ಮನೆಗೆಲಸದಾಕೆ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹಬ್ಬಕ್ಕೆ ಮುಂಚೆ ಮೂರು ದಿನ ಅವನನ್ನು ಬಿಟ್ಟು ಊರಿಗೆ ಹೋಗಿದ್ದೆವಲ್ಲ, ಅದಕ್ಕೆ ಮುನಿಸಿಕೊಂಡಿದ್ದಾನೆ ಎಂಬುದು ನನ್ನ ತೀರ್ಮಾನ. ಈ ಊಹೆಗಳನ್ನು ತಳ್ಳಿಹಾಕುವಂತಿಲ್ಲ. ಸದ್ದು, ಹೊಸ ಮಗು, ಮನೆಯವರ ಗೈರುಹಾಜರಿ ಇವೆಲ್ಲವೂ ಬೆಕ್ಕುಗಳನ್ನು ಕದಡುತ್ತವೆ ಎಂದು ವೈದ್ಯೆಯೂ ಆಮೇಲೆ ಹೇಳಿದರು. ಆದರೆ ನಾವೆಲ್ಲರೂ ಅವನ ಮನಸ್ಸಿನಲ್ಲಿ ಏನಿರಬಹುದೆಂದು ಯೋಚಿಸುತ್ತಿದ್ದೆವೇ ಹೊರತು, ಅವನ ಮೈಯಲ್ಲಿ ಎಲ್ಲಾದರೂ ನೋವಿದೆಯೇ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಮೊದಲು ಹೋದದ್ದು ಮನೆಗೆ ಹತ್ತಿರದ ಬೇರೊಂದು ಕಡೆಗೆ. ಅಲ್ಲಿ ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯಿತು: ಒಬ್ಬರು ಕುತ್ತಿಗೆಯ ಚರ್ಮ ಹಿಡಿದು ಒತ್ತಿದರು, ಇನ್ನೊಬ್ಬರು ಇಂಜೆಕ್ಷನ್ ಚುಚ್ಚಿದರು, ಮೂತ್ರದ ಸೋಂಕಿರಬಹುದು ಎಂದು ಐದು ದಿನಕ್ಕೆ ಆಂಟಿಬಯೋಟಿಕ್ ಬರೆದುಕೊಟ್ಟರು. ಮೂತ್ರವನ್ನು ಪರೀಕ್ಷಿಸಲಿಲ್ಲ. ನನ್ನ ಕೈಗೆ ಕಟ್ಟಿದ್ದ ಬಟ್ಟೆ ಕಣ್ಣಿಗೆ ಕಾಣುತ್ತಿದ್ದರೂ ಅದೇನೆಂದು ಕೇಳಲಿಲ್ಲ. ಅದಾದ ಮೇಲೆ ಎರಡು ದಿನ ಕೆಂಚ ಮಂಚದಡಿಯಿಂದ ಈಚೆಗೇ ಬರಲಿಲ್ಲ.

ಈ ಚಿಕಿತ್ಸಾಲಯದ ವಿಳಾಸ ಕೊಟ್ಟವರು ಪಕ್ಕದ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರು. ಫೋನು ಮಾಡಿದಾಗ ಎತ್ತಿಕೊಂಡ ಹುಡುಗಿ ಕೇಳಿದ ಮೊದಲ ಪ್ರಶ್ನೆ, "ಅಮ್ಮ, ಗಂಡೋ ಹೆಣ್ಣೋ? ಮೂತ್ರ ಹೋಗ್ತಾ ಇದೆಯಾ, ಇಲ್ಲ ಬರೀ ತಿಣುಕುತ್ತಾ ಇದೆಯಾ?" ಎಂಬುದು. ಈ ಒಂದು ಪ್ರಶ್ನೆಯಿಂದಲೇ ನನಗೆ ಆ ಜಾಗದ ಮೇಲೆ ನಂಬಿಕೆ ಬಂತು ಎನ್ನಬೇಕು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅದು ಕಟ್ಟಿಕೊಂಡರೆ ಒಂದೆರಡು ದಿನದೊಳಗೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಪದೇಪದೇ ಟ್ರೇಗೆ ಹೋಗಿ ತಿಣುಕಿ, ಕೂಗಿ, ಹನಿಯೂ ಬಾರದೆ ಹಿಂದಿರುಗುವ ಗಂಡು ಬೆಕ್ಕಿಗೆ ಅಪಾಯಿಂಟ್‌ಮೆಂಟ್ ಕೊಡುವುದಿಲ್ಲವಂತೆ, ಆ ಕ್ಷಣವೇ ಬನ್ನಿ ಎನ್ನುತ್ತಾರಂತೆ. ಕೆಂಚನಿಗೆ ಹಾಗೆ ಆಗಿರಲಿಲ್ಲ. ಕಾಲೊರಸು ಒದ್ದೆಯಾಗುವಷ್ಟು ಧಾರಾಳವಾಗಿಯೇ ಮಾಡುತ್ತಿದ್ದ. ಹೀಗಾಗಿ ಆರು ದಿನ ಕಾಯಬೇಕೆಂದರು. ಮಣಿಕಟ್ಟು ಊದಿಕೊಂಡಿದ್ದ ನನಗೆ ಆರು ದಿನ ದೊಡ್ಡದೆನ್ನಿಸಿತು; ಆ ಬೇಸರ ಈಗಲೂ ಇದೆ.

ಆದರೆ ಆ ಆರು ದಿನಕ್ಕೂ ಅವರು ಕೆಲಸ ಕೊಟ್ಟಿದ್ದರು. ಎರಡು ಪುಟದ ಪ್ರಶ್ನಾವಳಿಯೊಂದನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಕೆಂಚ ನಡೆಯುವುದು, ಹತ್ತುವುದು, ಇಳಿಯುವುದು ಇವುಗಳ ವಿಡಿಯೋ ತೆಗೆಯಿರಿ ಎಂದರು. ಅದರ ಜೊತೆಗೆ, ಕಳೆದ ಎರಡು ವರ್ಷಗಳಲ್ಲಿ ಫೋನಿನಲ್ಲಿ ತೆಗೆದ ಅವನ ಫೋಟೋಗಳನ್ನು ತಾರೀಖಿನ ಪ್ರಕಾರ ಕಳಿಸಬೇಕೆಂದೂ ಕೇಳಿದರು. ಈ ಕೊನೆಯ ಬೇಡಿಕೆ ನನಗೆ ವಿಚಿತ್ರವೆನ್ನಿಸಿತು. ಒಂದು ಮಧ್ಯಾಹ್ನ ಕುಳಿತು ಮೊಮ್ಮಗುವಿನ ನೂರಾರು ಚಿತ್ರಗಳ ನಡುವಿನಿಂದ ಕೆಂಚನ ಚಿತ್ರಗಳನ್ನು ಹೆಕ್ಕುತ್ತ ಹೋದಂತೆ ಅದರ ಉದ್ದೇಶ ಅರ್ಥವಾಯಿತು. ಎರಡು ವರ್ಷದ ಹಿಂದಿನ ಚಿತ್ರಗಳಲ್ಲಿ ಅವನು ಬೀರುವಿನ ನೆತ್ತಿಯ ಮೇಲಿದ್ದಾನೆ. ಮರುವರ್ಷದ ಯುಗಾದಿಯ ಹೊತ್ತಿಗೆ ಮಂಚದ ಮೇಲೆ. ಅಲ್ಲಿಂದ ಮುಂದೆ ಎಲ್ಲ ಚಿತ್ರಗಳೂ ಕಿಟಕಿಯ ತಗ್ಗು ಕಟ್ಟೆಯ ಮೇಲಿನವು ಅಥವಾ ನೆಲದ ಮೇಲಿನವು. ಬೀರುವಿನಿಂದ ನೆಲಕ್ಕೆ ಇಳಿಯಲು ಅವನಿಗೆ ಒಂದೂವರೆ ವರ್ಷ ಹಿಡಿದಿತ್ತು. ನಾವು ಮಾತ್ರ ಅವನು ಒಂದು ವಾರದಲ್ಲಿ ಬದಲಾದನೆಂದು ಹೇಳಿಕೊಂಡು ತಿರುಗುತ್ತಿದ್ದೆವು.

ಕರೆತರುವ ಬಗೆಯನ್ನೂ ಅವರು ಮೊದಲೇ ತಿಳಿಸಿದ್ದರು. ಇದುವರೆಗೆ ನಾವು ಅವನನ್ನು ಜಿಪ್ ಇರುವ ತರಕಾರಿ ಚೀಲದಲ್ಲಿ ಹಾಕಿ ಆಟೋದಲ್ಲಿ ಒಯ್ಯುತ್ತಿದ್ದೆವು. ಗೋಣಿಚೀಲದಲ್ಲಿ ತರುವವರೂ ಇದ್ದಾರಂತೆ. ಮೇಲ್ಭಾಗ ಪೂರ್ತಿ ತೆಗೆಯಲು ಬರುವ ಗಟ್ಟಿ ಪ್ಲಾಸ್ಟಿಕ್ ಬುಟ್ಟಿಯನ್ನು ಕೊಂಡು, ನಾಲ್ಕು ದಿನ ಮೊದಲೇ ಅದರಲ್ಲಿ ನನ್ನ ಹಳೆಯ ಸೀರೆ ಹಾಸಿ ಮಂಚದ ಬಳಿ ಇಡಬೇಕು, ಹೊರಡುವ ಎರಡು ಮೂರು ಗಂಟೆ ಮುಂಚೆ ಗ್ಯಾಬಪೆಂಟಿನ್ ಎಂಬ ಔಷಧಿಯನ್ನು ಅವರು ಹೇಳಿದ ಪ್ರಮಾಣದಲ್ಲಿ ಊಟಕ್ಕೆ ಬೆರೆಸಿ ಕೊಡಬೇಕು ಎಂದರು. ಬೆಕ್ಕಿನ ಭಯ ತಗ್ಗಿಸಲು ಪಶುವೈದ್ಯರು ಈಗ ಸಾಮಾನ್ಯವಾಗಿ ಬಳಸುವ ಔಷಧಿಯಿದು. ಚಿಕಿತ್ಸಾಲಯದಲ್ಲಿ ಬೆಕ್ಕಿಗೂ ನಾಯಿಗೂ ಬೇರೆ ಬೇರೆ ಹೊತ್ತು. ಬುಟ್ಟಿಯನ್ನು ನೆಲದ ಮೇಲಿಡದಂತೆ ಎದೆಯೆತ್ತರದಲ್ಲಿ ಹಲಗೆ ಬಡಿದಿದ್ದಾರೆ. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಕ್ಯಾಟ್ ಕೇರ್ ಸಂಸ್ಥೆ 2012ರಿಂದ ಬೆಕ್ಕುಸ್ನೇಹಿ ಚಿಕಿತ್ಸಾಲಯಗಳಿಗೆ ಮಾನ್ಯತೆ ಕೊಡುವ ಕಾರ್ಯಕ್ರಮವೊಂದನ್ನು ನಡೆಸುತ್ತಿದೆ. ಇವರ ಬಳಿ ಆ ಮಾನ್ಯತಾಪತ್ರ ಇಲ್ಲ, ಆದರೆ ಅದರ ಸೂಚನೆಗಳನ್ನು ಓದಿ ತಮ್ಮ ಕೈಲಾದಷ್ಟನ್ನು ಮಾಡಿಕೊಂಡಿದ್ದಾರೆ.

ಒಳಗೆ ಹೋದಾಗ ವೈದ್ಯೆ ಬುಟ್ಟಿಯನ್ನು ಮುಟ್ಟುವ ಮೊದಲು ನನ್ನ ಕೈಯನ್ನು ನೋಡಿದರು. "ಅಮ್ಮ, ಕಚ್ಚಿದ್ದು ಯಾವತ್ತು? ರೇಬೀಸ್ ಇಂಜೆಕ್ಷನ್ ತಗೊಂಡ್ರಾ?" ಎಂದರು. ಮನೆಯ ಬೆಕ್ಕು, ಪ್ರತಿವರ್ಷ ಲಸಿಕೆ ಹಾಕಿಸಿದ್ದೇವೆ, ಅದಕ್ಕೇಕೆ ಎಂದೆ. ನಮ್ಮ ದೇಶದಲ್ಲಿ ಬೆಕ್ಕು ಇದ್ದಕ್ಕಿದ್ದಂತೆ ಕಚ್ಚಲು ತೊಡಗಿದರೆ ರೇಬೀಸ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ಬೇರೇನನ್ನೂ ಯೋಚಿಸಬಾರದು, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಕಚ್ಚಿದ ಬೆಕ್ಕು ಹತ್ತು ದಿನ ಆರೋಗ್ಯವಾಗಿದೆಯೇ ಎಂದು ಗಮನಿಸಬೇಕು, ಆದರೆ ಆ ಹತ್ತು ದಿನ ಮುಗಿಯಲಿ ಎಂದು ಲಸಿಕೆಯನ್ನು ಮುಂದೂಡಬಾರದು ಎಂದು ಅವರು ಹೇಳಿದ್ದು ನನಗೆ ಹೊಸದು. ಜೊತೆಗೆ ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುವುದರಿಂದ ಮೇಲೆ ಮಾಯ್ದಂತೆ ಕಂಡರೂ ಒಳಗೆ ಕೀವು ಕಟ್ಟುವುದು ಹೆಚ್ಚು. ಅದೇ ಸಂಜೆ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡೆ.

ಸಮಾಲೋಚನೆ ನಲವತ್ತೈದು ನಿಮಿಷ ನಡೆಯಿತು, ಶುಲ್ಕ 900 ರೂಪಾಯಿ. ಅದರಲ್ಲಿ ಬೆಕ್ಕನ್ನು ಮುಟ್ಟಿದ್ದು ಹತ್ತು ನಿಮಿಷವಿರಬಹುದು. ಅದೂ ಬುಟ್ಟಿಯ ಮುಚ್ಚಳ ತೆಗೆದು, ಟವೆಲ್ ಹೊದಿಸಿ, ಅವನು ಕುಳಿತಲ್ಲೇ. ಸೊಂಟದ ಮೇಲೆ, ಬಾಲದ ಬುಡದ ಹತ್ತಿರ ಕೂದಲು ಗಂಟುಕಟ್ಟಿ ಹೊಟ್ಟು ಎದ್ದಿದ್ದನ್ನು ತೋರಿಸಿ, ಮೈ ತಿರುಗಿಸಿ ಅಲ್ಲಿಯವರೆಗೆ ನೆಕ್ಕಿಕೊಳ್ಳಲು ಅವನಿಗೆ ಆಗುತ್ತಿಲ್ಲ ಎಂದರು. ಉಗುರುಗಳು ದಪ್ಪವಾಗಿ ಬೆಳೆದಿದ್ದವು. ನಡೆಯುವಾಗ ನೆಲಕ್ಕೆ ತಾಗಿ ಟಿಕ್ ಟಿಕ್ ಎನ್ನುವುದನ್ನು ನಾನು ತಿಂಗಳುಗಳಿಂದ ಕೇಳುತ್ತಿದ್ದೆ, ಅದಕ್ಕೊಂದು ಅರ್ಥವಿದೆಯೆಂದು ತಿಳಿದಿರಲಿಲ್ಲ. ಕೆರೆಯುವ ಚಟುವಟಿಕೆ ಕಡಿಮೆಯಾದ, ವಯಸ್ಸಾದ ಬೆಕ್ಕುಗಳಲ್ಲಿ ಹೀಗಾಗುತ್ತದಂತೆ. ಸೊಂಟದ ಕೀಲನ್ನು ಹಿಂದಕ್ಕೆ ಚಾಚಿದಾಗ ಕೆಂಚನ ಕಿವಿ ಪಕ್ಕಕ್ಕೆ ತಿರುಗಿತು, ಕಣ್ಣು ಕಿರಿದಾಯಿತು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಒಂದು ಅಳತೆಗೋಲಿದೆ: ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಭಂಗಿ ಈ ಐದನ್ನು ನೋಡಿ ಒಂದೊಂದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ ಹಾಕುವುದು, ಒಟ್ಟು ಹತ್ತರಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿನ ಔಷಧಿ ಬೇಕೆಂದು ತಿಳಿಯುವುದು. ಆದರೆ ಅದು ಗಾಯ, ಶಸ್ತ್ರಚಿಕಿತ್ಸೆ ಮುಂತಾದ ಹೊಸ ನೋವಿಗೆ ಹೊಂದುವಂಥದ್ದು. ವರ್ಷಗಟ್ಟಲೆಯ ಕೀಲುನೋವನ್ನು ಮುಖ ನೋಡಿ ಹಿಡಿಯಲಾಗದು ಎಂದೂ ವೈದ್ಯೆಯೇ ಎಚ್ಚರಿಸಿದರು. ಅದಕ್ಕೆ ಬೇರೆ ಆರು ಪ್ರಶ್ನೆಗಳಿವೆ: ಮೇಲಕ್ಕೆ ನೆಗೆಯುವುದು, ಕೆಳಕ್ಕೆ ನೆಗೆಯುವುದು, ಮೆಟ್ಟಿಲು ಹತ್ತುವುದು, ಇಳಿಯುವುದು, ಓಡುವುದು, ಓಡುವ ವಸ್ತುವನ್ನು ಅಟ್ಟಿಸಿಕೊಂಡು ಹೋಗುವುದು ಇವು ಮೊದಲಿನಂತೆ ಸಲೀಸಾಗಿವೆಯೇ ಎಂದು. ನಮ್ಮ ಉತ್ತರ ಆರಕ್ಕೆ ಐದರಲ್ಲಿ ಇಲ್ಲವೆಂದೇ ಇತ್ತು.

ಅಷ್ಟಕ್ಕೇ ತೀರ್ಮಾನ ಕೊಡದೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ರಕ್ತದ ಒತ್ತಡವನ್ನೂ ಅಳೆದರು. ಇದಕ್ಕೆ 3,200 ರೂಪಾಯಿ. ಟ್ರೇ ಬಿಡುವುದಕ್ಕೆ ಮೂತ್ರಕೋಶದ ಉರಿಯೂತ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಯಾವುದೂ ಕಾರಣವಾಗಬಹುದು. ವಯಸ್ಸಾದ ಬೆಕ್ಕು ಸಿಡುಕುವುದಕ್ಕೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವುದೂ ಕಾರಣ. ಅಂಥ ಬೆಕ್ಕು ಹೊಟ್ಟೆಬಾಕನಂತೆ ತಿಂದರೂ ಸೊರಗುತ್ತದೆ. ರಕ್ತದ ಒತ್ತಡ ಏರಿದರೆ ಕಣ್ಣು ಒಮ್ಮೆಗೇ ಹೋಗಿಬಿಡಬಹುದು. ಕೆಂಚನಿಗೆ ಇವು ಒಂದೂ ಇರಲಿಲ್ಲ. ಮೂತ್ರ ಶುದ್ಧವಾಗಿತ್ತು, ಎಂದರೆ ಮೊದಲು ಕೊಟ್ಟ ಆಂಟಿಬಯೋಟಿಕ್‌ನ ಅಗತ್ಯ ಇತ್ತೆಂದು ಹೇಳಲು ಯಾವ ಆಧಾರವೂ ಸಿಗಲಿಲ್ಲ. ಇದನ್ನು ಹೇಳುವಾಗ ವೈದ್ಯೆ ಆ ಇನ್ನೊಂದು ಚಿಕಿತ್ಸಾಲಯವನ್ನು ಒಂದು ಮಾತೂ ಹಳಿಯಲಿಲ್ಲ.

ಎಕ್ಸ್‌ರೇ ಯಂತ್ರ ಇವರ ಬಳಿ ಇಲ್ಲ. ಊರಿನ ಇನ್ನೊಂದು ತುದಿಯ ಬೇರೊಂದು ಕಡೆಗೆ ಹೋಗಿ, ಅರೆನಿದ್ದೆ ಬರಿಸಿ ತೆಗೆಸಬೇಕಾಯಿತು. 3,800 ರೂಪಾಯಿ ಮತ್ತು ಇಡೀ ಒಂದು ದಿನ. ಬೆಕ್ಕಿಗೆ ಪ್ರಯಾಣವೇ ಶಿಕ್ಷೆ ಎಂದು ಅಷ್ಟು ಚೆನ್ನಾಗಿ ತಿಳಿಸಿಕೊಟ್ಟವರು ಈ ಎರಡನೆಯ ಪ್ರಯಾಣದ ಸಂಗತಿಯನ್ನು ಮೊದಲ ಫೋನಿನಲ್ಲೇ ಹೇಳಬೇಕಿತ್ತು. ಖರ್ಚಿನ ಅಂದಾಜನ್ನೂ ಅಷ್ಟೆ. ಒಂದೊಂದಾಗಿ ಹೇಳುತ್ತ ಹೋದರೇ ವಿನಾ ಒಟ್ಟು ಇಷ್ಟಾಗಬಹುದು ಎಂದು ಬರೆದು ಕೊಡಲಿಲ್ಲ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ವಿಷಯವಲ್ಲ.

ಎಕ್ಸ್‌ರೇಯಲ್ಲಿ ಎರಡೂ ಸೊಂಟದ ಕೀಲು, ಬೆನ್ನಿನ ಕೆಳಭಾಗ ಮತ್ತು ಬಲ ಮೊಣಕೈ ಸವೆದಿರುವುದು ಕಂಡಿತು. ಮನುಷ್ಯರಿಗೆ ಬರುವ ಸಂಧಿವಾತದಂಥದ್ದೇ. ಬೆಕ್ಕುಗಳಲ್ಲಿ ಇದು ಅಪರೂಪವೆಂದು ನಾನು ತಿಳಿದಿದ್ದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇ ನೋಡಿದಾಗ ತೊಂಬತ್ತರಲ್ಲಿ ಕೀಲು ಸವೆತದ ಗುರುತು ಇತ್ತಂತೆ. ಹಾಗಿದ್ದೂ ನಮ್ಮ ಕಣ್ಣಿಗೆ ಬೀಳದಿರಲು ಕಾರಣ, ನಾಯಿಯಂತೆ ಬೆಕ್ಕು ಕುಂಟುವುದು ಕಡಿಮೆ. ಒಂಟಿಯಾಗಿ ಬೇಟೆಯಾಡುವ, ತಾನೇ ಇನ್ನೊಂದರ ಬೇಟೆಯೂ ಆಗಬಹುದಾದ ಪ್ರಾಣಿಗೆ ನೋವನ್ನು ತೋರಗೊಡುವುದು ಅಪಾಯ. ಆದ್ದರಿಂದ ಅದು ನೋಯುವ ಕೆಲಸವನ್ನೇ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನೆಗೆಯುವುದನ್ನು ಬಿಟ್ಟಿದ್ದನ್ನು ನಾವು ವಯಸ್ಸಾಯಿತು ಎಂದುಕೊಳ್ಳುತ್ತೇವೆ. ಎಕ್ಸ್‌ರೇಯಲ್ಲಿ ಕಂಡ ಸವೆತಕ್ಕೂ ಅನುಭವಿಸುವ ನೋವಿಗೂ ನೇರ ಲೆಕ್ಕವಿಲ್ಲ, ಔಷಧಿ ಕೊಟ್ಟು ನಡವಳಿಕೆ ತಿರುಗುತ್ತದೆಯೇ ನೋಡಬೇಕು ಎಂದು ವೈದ್ಯೆ ಹೇಳಿದರು. ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿದಿತ್ತು: ಒಂದೂವರೆ ವರ್ಷದಿಂದ ಸವೆಯುತ್ತಿದ್ದ ಕೀಲು ದೀಪಾವಳಿಯ ಮರುವಾರವೇ ಏಕೆ ಅವನನ್ನು ಕೆಡವಿತು?

ಅದಕ್ಕೆ ಉತ್ತರ ಸಿಕ್ಕಿದ್ದು ಅವರು ಮನೆಗೆ ಬಂದ ದಿನ. ಒಂದು ಭೇಟಿಗೆ 1,500 ರೂಪಾಯಿ ತೆಗೆದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಈ ಸೇವೆಯ ಸಾರವೆಲ್ಲ ಆ ಒಂದು ಗಂಟೆಯಲ್ಲಿದೆ. ಬಂದವರು ಬೆಕ್ಕನ್ನು ಹುಡುಕಲಿಲ್ಲ. ನಡುಮನೆಯಲ್ಲಿ ಮಣೆ ಹಾಕಿಸಿಕೊಂಡು ಕುಳಿತು, ಕಾಫಿ ಕುಡಿಯುತ್ತ, ನನ್ನೊಡನೆ ಬೇರೇನೋ ಮಾತಾಡುತ್ತ ಇಪ್ಪತ್ತು ನಿಮಿಷ ಕಳೆದರು. ಕೆಂಚ ತಾನಾಗಿಯೇ ಮಂಚದಡಿಯಿಂದ ಹೊರಬಂದ. ನಡುಮನೆ ದಾಟುವಾಗ ಅವನ ಹಿಂಗಾಲು ಒಮ್ಮೆ ಹೊರಕ್ಕೆ ಜಾರಿತು. "ಈ ನೆಲಕ್ಕೆ ಪಾಲಿಶ್ ಯಾವಾಗ ಹಾಕಿಸಿದ್ರಿ?" ಎಂದು ವೈದ್ಯೆ ಕೇಳಿದರು. ನಮ್ಮದು ಹಳೆಯ ಕಾಲದ ಕೆಂಪು ನೆಲ. ಸೊಸೆ ಮಗುವಿನೊಂದಿಗೆ ಬರುತ್ತಾಳೆಂದು, ಹಬ್ಬವೂ ಇದೆಯೆಂದು, ದೀಪಾವಳಿಗೆ ನಾಲ್ಕು ದಿನ ಮುಂಚೆ ಆಳು ಕರೆಸಿ ಮೇಣ ಹಚ್ಚಿ, ಮುಖ ಕಾಣುವ ಹಾಗೆ ಉಜ್ಜಿಸಿದ್ದೆವು. ಹೊಳಪು ಚೆನ್ನಾಗಿ ಬಂದಿದೆಯೆಂದು ಬಂದವರೆಲ್ಲ ಹೊಗಳಿದ್ದರು. ಗಟ್ಟಿ ಕಾಲಿನ ಬೆಕ್ಕಿಗೆ ಅದರಿಂದ ಏನೂ ಆಗುತ್ತಿರಲಿಲ್ಲವೇನೋ. ಸವೆದ ಸೊಂಟದವನಿಗೆ ಪ್ರತಿ ಹೆಜ್ಜೆಯೂ ಜಾರಿ, ಜಾರಿದಾಗಲೆಲ್ಲ ಕೀಲು ಸೆಳೆದು, ನಡುಮನೆ ದಾಟುವುದೇ ಯಾತನೆಯಾಗಿತ್ತು.

ಕೆಂಚ ಅಲ್ಲಿಂದ ಬಚ್ಚಲುಮನೆಯ ಪಕ್ಕದ ಟ್ರೇಯ ಬಳಿ ಹೋದ. ಮರಳು ಚೆಲ್ಲಬಾರದೆಂದು ನಾನು ಕೊಂಡಿದ್ದ, ಗೇಣಿಗಿಂತ ಎತ್ತರದ ಗೋಡೆಯ ಟ್ರೇ ಅದು. ಮುಂಗಾಲುಗಳನ್ನು ಅಂಚಿನ ಮೇಲಿಟ್ಟ, ಹಿಂಗಾಲು ಎತ್ತಲು ನೋಡಿದ, ಇಳಿದ, ಮತ್ತೊಮ್ಮೆ ಇಟ್ಟ, ಇಳಿದ. ಕೊನೆಗೆ ಪಕ್ಕದ ಕಾಲೊರಸಿನ ಮೇಲೆ ಕುಳಿತ. ನಾವಿಬ್ಬರೂ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆವು. ಮೂರು ವಾರ ಅವನನ್ನು ಬೈದುಕೊಂಡು ಆ ಕಾಲೊರಸನ್ನು ಒಗೆದಿದ್ದವಳು ನಾನು. ಅವನು ಪ್ರತಿಸಲವೂ ಟ್ರೇಯವರೆಗೆ ಹೋಗಿ ಸೋತು ಬರುತ್ತಿದ್ದನೆಂಬುದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ.

ಮನೆಯಲ್ಲಿ ಮಾಡಿದ ಬದಲಾವಣೆಗಳಿಗೆ ಹೆಚ್ಚು ಹಣ ಬೇಕಾಗಲಿಲ್ಲ. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಉದ್ದದ ಅಗಲವಾದ ಪ್ಲಾಸ್ಟಿಕ್ ಟಬ್ಬು ತಂದು, ಒಂದು ಬದಿಯನ್ನು ನಾಲ್ಕು ಬೆರಳೆತ್ತರಕ್ಕೆ ಕತ್ತರಿಸಿದೆವು. ಅಂಥದ್ದೇ ಇನ್ನೊಂದನ್ನು ಮಲಗುವ ಕೋಣೆಯ ಬಳಿ ಇಟ್ಟೆವು. ಅವನು ಓಡಾಡುವ ದಾರಿಯುದ್ದಕ್ಕೂ ನಾರಿನ ಹಾಸು ಹಾಸಿದೆವು. ಈಗ ಯಾರೂ ಊಟಕ್ಕೆ ಬಳಸದ, ಅತ್ತೆಯ ಕಾಲದ ಮೂರು ಮಣೆಗಳನ್ನು ಒಂದರ ಮೇಲೊಂದಿಟ್ಟು ಕಟ್ಟಿ, ಮೇಲೆ ಜಮಖಾನೆ ಹೊಲಿದು ಮಂಚಕ್ಕೆ ಮೆಟ್ಟಿಲು ಮಾಡಿದೆವು. ಊಟದ ತಟ್ಟೆಯ ಪಕ್ಕದಲ್ಲಿದ್ದ ನೀರಿನ ಬಟ್ಟಲನ್ನು ಬೇರೆ ಮೂಲೆಗೆ ಒಯ್ದೆವು. ಅಮೆರಿಕದ ಬೆಕ್ಕುವೈದ್ಯರ ಸಂಘ ಮತ್ತು ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಫಿಲೈನ್ ಮೆಡಿಸಿನ್ ಜೊತೆಗೂಡಿ 2013ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇಂಥ ಸಂಗತಿಗಳೆಲ್ಲ ಇವೆಯಂತೆ. ಅದರಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಬೆಕ್ಕಿಗೂ ಮನುಷ್ಯರಿಗೂ ನಡುವಿನ ಒಡನಾಟದ ಮಾತು: ಮುಟ್ಟಬೇಕೇ ಬೇಡವೇ ಎಂಬುದು ಬೆಕ್ಕಿನ ಆಯ್ಕೆಯಾಗಿರಬೇಕು. ಅಂದಿನಿಂದ ಅವನನ್ನು ಎತ್ತಿಕೊಳ್ಳುವುದನ್ನು ಬಿಟ್ಟು, ಕೈ ಚಾಚಿ ಕಾಯುತ್ತೇನೆ.

ಔಷಧಿಯಾಗಿ ಮೆಲಾಕ್ಸಿಕ್ಯಾಮ್ ಎಂಬ ನೋವುನಿವಾರಕ ದ್ರವವನ್ನು ಹನಿಗಳ ಲೆಕ್ಕದಲ್ಲಿ ಊಟದೊಂದಿಗೆ ಕೊಟ್ಟರು. ಊಟ ಬಿಟ್ಟರೆ ಅಥವಾ ವಾಂತಿ ಮಾಡಿದರೆ ಕೂಡಲೇ ನಿಲ್ಲಿಸಬೇಕು, ಮೂತ್ರಪಿಂಡವನ್ನು ಆಗಾಗ ಪರೀಕ್ಷಿಸುತ್ತಿರಬೇಕು ಎಂಬ ಕರಾರಿನ ಮೇಲೆ. ಇದರ ಜೊತೆ ಅವರು ಎರಡು ಸಲ ಹೇಳಿದ ಒಂದು ಮಾತನ್ನು ನಾನೂ ಇಲ್ಲಿ ಒತ್ತಿ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಮೈಕೈ ನೋವಿಗೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಚೂರೂ ಕೊಡಬಾರದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. 500 ಮಿಲಿಗ್ರಾಂನ ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ಕೆಂಚ ಮಂಚದಡಿ ಸೇರಿದ್ದ ಆ ಮೊದಲ ವಾರದಲ್ಲಿ, ಅರ್ಧ ಮಾತ್ರೆ ಪುಡಿ ಮಾಡಿ ಹಾಲಿಗೆ ಬೆರೆಸಿ ಕೊಟ್ಟರೆ ಹೇಗೆ ಎಂದು ನಮ್ಮ ಯಜಮಾನರು ಕೇಳಿದ್ದುಂಟು. ಅವನು ಹಾಲು ಕುಡಿಯುವ ಮನಸ್ಸಿನಲ್ಲಿರಲಿಲ್ಲ, ಬದುಕಿಕೊಂಡ.

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಫೆರೊಮೋನ್ ಡಿಫ್ಯೂಸರ್ ಒಂದನ್ನೂ ನಾನು ತರಿಸಿದ್ದೆ. ಬೆಕ್ಕು ತನ್ನ ಕೆನ್ನೆಯನ್ನು ಬಾಗಿಲಿಗೆ, ಕಾಲಿಗೆ ಉಜ್ಜಿ ಬಿಡುವ ವಾಸನೆಯನ್ನು ಹೋಲುವ ಕೃತಕ ದ್ರವವದು. ಮನುಷ್ಯರ ಮೂಗಿಗೆ ತಿಳಿಯುವುದಿಲ್ಲ. ವೈದ್ಯೆ ಬೇಡವೆನ್ನಲಿಲ್ಲ, ಬೇಕೆಂದೂ ಹೇಳಲಿಲ್ಲ. ಇದರ ಪರಿಣಾಮದ ಬಗ್ಗೆ ಅಧ್ಯಯನಗಳೆಲ್ಲ ಒಂದೇ ಮಾತು ಹೇಳುವುದಿಲ್ಲ ಎಂದರು. ಒಂದು ತಿಂಗಳ ಬಾಟಲಿ ಮುಗಿಯುವಷ್ಟರಲ್ಲಿ ಕೆಂಚ ಚೇತರಿಸಿಕೊಂಡಿದ್ದ. ಆದರೆ ಅದೇ ತಿಂಗಳಲ್ಲಿ ಔಷಧಿ, ಹಾಸು, ಟ್ರೇ, ಮೆಟ್ಟಿಲು ಎಲ್ಲವೂ ಬಂದಿದ್ದವಾದ್ದರಿಂದ ಅದಕ್ಕೆ ಪಾಲು ಕೊಡುವುದು ಹೇಗೆಂದು ತಿಳಿಯದೆ ಎರಡನೆಯ ಬಾಟಲಿ ತರಿಸಲಿಲ್ಲ.

ಇನ್ನು ದೂರುಗಳು. ಮನೆಗೆ ಕೊಟ್ಟುಕಳಿಸುವ ಸೂಚನೆಗಳ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿದೆ. ಅವನಿಗೆ ಊಟ ಹಾಕುವವಳು ನಮ್ಮ ಮನೆಗೆಲಸದಾಕೆ. ಔಷಧಿಯನ್ನು ಯಾವಾಗ ನಿಲ್ಲಿಸಬೇಕೆಂಬುದು ಅವಳಿಗೆ ತಿಳಿಯದಿದ್ದರೆ ಆ ಹಾಳೆಯಿಂದ ಏನು ಪ್ರಯೋಜನ? ನಾನೇ ಅದನ್ನು ಕನ್ನಡದಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ, ಒಂದು ಪ್ರತಿಯನ್ನು ಅವರಿಗೂ ಕೊಟ್ಟೆ. ಮುಂದಿನ ಸಲ ಹೋದಾಗ ಅದರ ನಕಲುಗಳು ಮೇಜಿನ ಮೇಲಿದ್ದವು, ಪ್ರಶ್ನಾವಳಿ ಮಾತ್ರ ಇಂಗ್ಲಿಷಿನಲ್ಲೇ ಉಳಿದಿತ್ತು. ಹಣ ಕಟ್ಟುವಲ್ಲಿ ತೂಕ ಇಳಿಸುವ ವಿದೇಶಿ ಆಹಾರದ ಪೊಟ್ಟಣಗಳನ್ನು ಕೊಳ್ಳಿರೆಂದು ಅಲ್ಲಿನ ಹುಡುಗ ಒತ್ತಾಯಿಸುತ್ತಾನೆ. ಒಳಗೆ ವೈದ್ಯೆ ಅಂಥದ್ದೇನನ್ನೂ ಹೇಳದೆ, ಈಗ ತಿನ್ನುವುದನ್ನೇ ಅಳೆದು ಸ್ವಲ್ಪ ಕಡಿಮೆ ಮಾಡಿ ಎಂದಿದ್ದರಿಂದ ಈ ಒತ್ತಾಯ ನನಗೆ ಸರಿಬರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ರಾತ್ರಿ ಎಂಟರ ಮೇಲೆ ಅಲ್ಲಿ ಯಾರೂ ಇರುವುದಿಲ್ಲ. ಮೂತ್ರ ಕಟ್ಟಿದ ಗಂಡು ಬೆಕ್ಕು ಬೆಳಗಿನವರೆಗೆ ಕಾಯಲಾಗದೆಂದು ಫೋನಿನಲ್ಲೇ ಎಚ್ಚರಿಸುವವರು, ರಾತ್ರಿ ಎಲ್ಲಿಗೆ ಹೋಗಬೇಕೆಂಬ ವಿಳಾಸವನ್ನು ಬಾಗಿಲ ಮೇಲಾದರೂ ಬರೆದು ಹಾಕಬೇಕು.

ಹಾಸು, ಟ್ರೇ ಬದಲಿಸಿದ ಮೂರನೆಯ ದಿನದಿಂದ ಕೆಂಚ ಕಾಲೊರಸಿನ ತಂಟೆಗೆ ಹೋಗಿಲ್ಲ. ಔಷಧಿ ಶುರುವಾಗಿ ಮೂರು ವಾರಕ್ಕೆ ಒಂದು ಸಂಜೆ ಬಂದು ನನ್ನ ತೊಡೆಯ ಮೇಲೆ ಮುಂಗಾಲಿಟ್ಟು ನಿಂತ, ನಾನು ಅಲುಗಾಡಲಿಲ್ಲ, ಹತ್ತಿ ಕುಳಿತ. ತೂಕ ಈಗ 5 ಕಿಲೋ 700 ಗ್ರಾಂಗೆ ಇಳಿದಿದೆ; ಔಷಧಿಯ ಪ್ರಮಾಣ ಮೊದಲಿಗಿಂತ ಕಡಿಮೆಯಾಗಿದೆ. ಮರುಭೇಟಿಗೆ 400 ರೂಪಾಯಿಯಂತೆ ಮೂರು ಸಲ ಹೋಗಿಬಂದ ಮೇಲೆ, ಇನ್ನು ಅವನನ್ನು ಕರೆತರಬೇಡಿ, ನಡೆಯುವುದನ್ನೂ ಹತ್ತುವುದನ್ನೂ ತಿಂಗಳಿಗೊಮ್ಮೆ ವಿಡಿಯೋ ತೆಗೆದು ಕಳಿಸಿದರೆ ಸಾಕು ಎಂದಿದ್ದಾರೆ. ರಕ್ತ ಪರೀಕ್ಷೆ ಮಾತ್ರ ಹಬ್ಬಕ್ಕೆ ಮುಂಚೆ ಇನ್ನೊಮ್ಮೆ ಆಗಬೇಕು. ಎಕ್ಸ್‌ರೇಗಾಗಿ ಅಲೆದ ದಿನವನ್ನೂ ರಾತ್ರಿಯ ಕೊರತೆಯನ್ನೂ ಕಳೆದು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮನೆಭೇಟಿಗೆ ಮಾತ್ರ ಪ್ರತ್ಯೇಕ ಅಂಕ ಕೊಡಬಹುದಾಗಿದ್ದರೆ ಐದೂ ಅದಕ್ಕೇ. ಬೀರುವಿನ ಮೇಲೆ ಅವನು ಮತ್ತೆ ಹತ್ತಿಲ್ಲ, ಹತ್ತುವುದೂ ಇಲ್ಲವಂತೆ. ಅಲ್ಲಿ ಈಗ ಮಗುವಿನ ತೊಟ್ಟಿಲನ್ನು ಬಿಚ್ಚಿ ಕಟ್ಟಿಟ್ಟಿದ್ದೇವೆ. ಮೊನ್ನೆ ಪಾಲಿಶಿನ ಆಳು ಬಂದು ಈ ವರ್ಷವೂ ಹಬ್ಬಕ್ಕೆ ನೆಲ ಉಜ್ಜಲೇ ಎಂದು ಕೇಳಿದ. ಬೇಡವೆಂದು ಕಳಿಸಿದೆ.